ಧ್ವನಿಸುರುಳಿಯಿಂದ ಕೈಫೋನಿನವರೆಗೆ: ಒಬ್ಬ ಕೇಳುಗನ ಅನಿಸಿಕೆಗಳು

ಕಳೆದ ವೈಶಾಖದಲ್ಲಿ ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶವಿತ್ತು. ಬೆಳಗಿನ ಜಾವಕ್ಕೆ ಎದ್ದು ಹೊರಗೆ ಬಂದಾಗ ಚಪ್ಪರದ ಕಂಬಕ್ಕೆ ಕಟ್ಟಿದ್ದ ಧ್ವನಿವರ್ಧಕದಲ್ಲಿ ವಚನಗಳ ಧ್ವನಿಮುದ್ರಿಕೆಯೊಂದು ಆಗಲೇ ಮೊಳಗುತ್ತಿತ್ತು. ಹೆಣ್ಣುಮಕ್ಕಳು ಹೋಳಿಗೆಗೆ ಬೇಳೆ ಬೇಯಿಸುವ ಗಡಿಬಿಡಿಯಲ್ಲಿದ್ದರು. ಗಂಡಸರು ಜಂಗಮಮೂರ್ತಿಗಳ ಪಾದಪೂಜೆಗೆ ಮಣೆ, ತಂಬಿಗೆ ಹೊಂದಿಸುತ್ತಿದ್ದರು. ಊದಿನಕಡ್ಡಿಯ ಹೊಗೆಯಂತೆ ಆ ಹಾಡು ಎಲ್ಲರ ನಡುವೆ ಸುಳಿದಾಡುತ್ತಿತ್ತೇ ಹೊರತು ಅದನ್ನು ಕೇಳುತ್ತಿದ್ದವರು ಯಾರೂ ಇರಲಿಲ್ಲ. ನಾನೂ ಕೇಳುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು.

ತಂಗಿಯ ಮೊಮ್ಮಗ, ಒಂಬತ್ತನೆಯ ಇಯತ್ತೆಯ ಹುಡುಗ, ನನ್ನ ಪಕ್ಕದಲ್ಲಿ ಬಂದು ಕುಳಿತ. ಸ್ವಲ್ಪ ಹೊತ್ತು ಕಿವಿಗೊಟ್ಟು, "ಮುತ್ಯಾ, ಇದರಾಗ ಅವರು ಏನಂತಾರ್ರೀ?" ಎಂದು ಕೇಳಿದ. ಉತ್ತರ ಹೇಳಲು ನಾನೂ ಕಿವಿ ನಿಮಿರಿಸಿದೆ. ಗಾಯಕರ ಕಂಠ ಇಂಪಾಗಿತ್ತು. ಆದರೆ ಕೀಬೋರ್ಡಿನ ಅಲೆ, ರಿದಮ್ ಪ್ಯಾಡಿನ ಬಡಿತ, ಗವಿಯೊಳಗಿಂದ ಬಂದಂತಹ ಪ್ರತಿಧ್ವನಿ, ಇವುಗಳಡಿಯಲ್ಲಿ ಮಾತು ಎಲ್ಲಿಯೋ ಹೂತುಹೋಗಿತ್ತು. ಕೂಡಲಸಂಗಮದೇವನ ಹೆಸರು ಬಂದಾಗ ಮಾತ್ರ ಅದು ಬಸವಣ್ಣನವರದು ಎಂದು ತಿಳಿಯಿತು. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಆ ಮಗುವಿಗೆ ಉತ್ತರ ಹೇಳಲಾಗಲಿಲ್ಲ. "ಆಮ್ಯಾಲೆ ಹೇಳ್ತೀನಿ ತಡಿ" ಎಂದು ಸಾಗಹಾಕಿದೆ.

ಅಂದು ಸಂಜೆ ನೆಂಟರೆಲ್ಲ ಹೋದ ಮೇಲೆ ಹುಡುಗ ತನ್ನ ಅಂಗೈಯಗಲದ ಸ್ಪೀಕರನ್ನು ತಂದು ಅಂಗಳದಲ್ಲಿಟ್ಟ. ಅಂದಿನಿಂದ ನಾಲ್ಕು ದಿನ ನಾವಿಬ್ಬರೂ ಸರದಿಯ ಮೇಲೆ ಹಾಡು ಹಾಕಿದೆವು; ನನ್ನದೊಂದು, ಅವನದೊಂದು. ಹಳೆಯ ತಟ್ಟೆಯಲ್ಲಿ ಬಂದದ್ದು, ಕ್ಯಾಸೆಟ್ಟಿನಲ್ಲಿ ಬಂದದ್ದು, ಈಚೆಗೆ ಫೋನಿಗಾಗಿಯೇ ಹೊರಟದ್ದು, ಎಲ್ಲವೂ ಅದೇ ಡಬ್ಬಿಯಿಂದ ಕೇಳಿಬಂದವು. ಆಗ ಮೂಡಿದ ಅನಿಸಿಕೆಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ. ನಾನು ಸಂಗೀತ ವಿದ್ವಾಂಸನಲ್ಲ, ಬರಿಯ ಕೇಳುಗ. ಅಭಿಪ್ರಾಯಗಳಿಗೆ ಹೊಣೆ ನನ್ನದೇ.

ಊರಿನ ಹಿರಿಮೆ, ಅಂಗಡಿಯ ಬಡತನ

ಚೀಕಲಪರ್ವಿಯಲ್ಲಿ ಕುಳಿತು ಹಾಡಿನ ಮಾತೆತ್ತಿದರೆ ವಿಜಯದಾಸರನ್ನು ಬಿಟ್ಟು ಮಾತು ಹೊರಡದು. ತುಂಗಭದ್ರೆಯ ದಡದ ಈ ಊರಿನಲ್ಲಿ 1682ರಲ್ಲಿ ಜನಿಸಿದ ಅವರು ಕಡುಬಡತನವನ್ನು ಕಂಡು, ಕಾಶಿಯವರೆಗೆ ಅಲೆದು, ಮುಂದೆ ವಿಜಯವಿಠಲ ಅಂಕಿತದಲ್ಲಿ ಸಾವಿರಾರು ರಚನೆಗಳನ್ನು ನೀಡಿ 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹವಿಟ್ಟರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದವರು. ಅಕ್ಕಪಕ್ಕದ ಸೀಮೆಗಳ ಈ ನೆಲದಲ್ಲಿ ಇಷ್ಟು ಹಾಡು ಹುಟ್ಟಿದೆ. ಮತ ಬೇರೆಯಾದರೂ ನಮ್ಮ ಕಡೆಯ ಲಿಂಗವಂತರ ಮನೆಗಳಲ್ಲಿ ದಾಸರ ಪದ ಕೇಳದೆ ಬೆಳೆದವರು ಕಡಿಮೆ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ರಿವಾಯತ್ ಪದಗಳನ್ನು ಹಾಡುವವರಲ್ಲಿಯೂ ಎಲ್ಲ ಜಾತಿಯವರಿರುತ್ತಾರೆ. ಮುದಗಲ್ಲಿನ ಮೊಹರಮ್ಮನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಜಯದಾಸರ ಹೆಸರು ನಿಂತಿರುವುದು ಮುಖ್ಯವಾಗಿ ಸುಳಾದಿಗಳಿಂದ. ಸುಳಾದಿಯೆಂದರೆ ಒಂದೇ ತಾಳದಲ್ಲಿ ಸಾಗುವ ಕೀರ್ತನೆಯಲ್ಲ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ನುಡಿಗೊಂದು ತಾಳ ಬದಲಾಗುತ್ತ ಹೋಗಿ ಕೊನೆಗೆ ಜತೆ ಎಂಬ ಎರಡು ಸಾಲಿನಲ್ಲಿ ಮುಗಿಯುತ್ತದೆ. ವಿಚಾರವೂ ನುಡಿಯಿಂದ ನುಡಿಗೆ ಏರುತ್ತ ಹೋಗುತ್ತದೆ. ಆದರೆ ಧ್ವನಿಸುರುಳಿಗಳ ಕಾಲದಲ್ಲಿ ರಾಯಚೂರಿನ ಅಂಗಡಿಗಳಲ್ಲಿ ನಾನು ಕೇಳಿದಾಗಲೆಲ್ಲ ಸಿಕ್ಕಿದ್ದು ಪಲ್ಲವಿ, ಚರಣಗಳಿರುವ ಐದು ನಿಮಿಷದ ದೇವರನಾಮಗಳೇ. ಸುಳಾದಿ ಉದ್ದ, ತಾಳ ಮೇಲಿಂದ ಮೇಲೆ ಬದಲಾಗುವುದರಿಂದ ತಬಲದವರಿಗೂ ಕೇಳುವವರಿಗೂ ಕಷ್ಟ. ಹೀಗಾಗಿ ಮಾರಾಟಗಾರರಿಗೆ ಬೇಡ. ಸುಳಾದಿಯ ದಾಸರೆಂದು ಹೆಸರಾದವರನ್ನು ಸುಳಾದಿಯನ್ನು ಬಿಟ್ಟು ಮಾರಿದ ಹಾಗಾಯಿತು. ಈ ಮಾತು ನಮ್ಮ ವಚನಗಳಿಗೂ ತಗಲುತ್ತದೆಯಾದ್ದರಿಂದ ಇಲ್ಲಿ ತೆಗೆದೆ.

ದೇವರನಾಮಗಳಲ್ಲಿ ನನ್ನ ಆಯ್ಕೆ ಭೀಮಸೇನ ಜೋಶಿಯವರು. ಗದುಗಿನ ಈ ಮಹಾನುಭಾವರು (1922-2011) ಖಯಾಲಿನಲ್ಲಿ ಸಿಡಿಲು ಗುಡುಗಿದಂತೆ ತಾನುಗಳನ್ನು ಚೆಲ್ಲಿದವರು. ದಾಸರ ಪದಕ್ಕೆ ಬಂದಾಗ ಮಾತ್ರ ತಮ್ಮ ಶಕ್ತಿಯನ್ನು ಬಿಗಿಹಿಡಿದು, ಪದದ ಅರ್ಥ ಒಡೆಯದಂತೆ ನಡೆಸುತ್ತಾರೆ. ವಿದ್ಯಾಭೂಷಣರ ಸುರುಳಿಗಳು ತೊಂಬತ್ತರ ದಶಕದಲ್ಲಿ ಮನೆಮನೆಗೂ ತಲುಪಿದವು. ಸ್ಪಷ್ಟ ಉಚ್ಚಾರ, ತಿಳಿಯಾದ ಕಂಠ. ನಮ್ಮ ತಾಯಿಯವರು ಅಕ್ಷರ ಬಾರದಿದ್ದರೂ ಆ ಸುರುಳಿಗಳಿಂದಲೇ ಹತ್ತಾರು ಪದ ಕಲಿತರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ. ನಾಲ್ಕು ಸುರುಳಿ ಒಟ್ಟಿಗೆ ಕೇಳಿದರೆ ಎಲ್ಲವೂ ಒಂದೇ ಎನಿಸುತ್ತದೆಂಬ ಸಣ್ಣ ಆಕ್ಷೇಪ ನನ್ನದು.

ವಚನವನ್ನು ಹೇಗೆ ಹಾಡಬೇಕು?

ವಚನವೆಂದರೆ ಮಾತು. ಅದಕ್ಕೆ ಪಲ್ಲವಿಯಿಲ್ಲ, ಪ್ರಾಸದ ಕಟ್ಟಿಲ್ಲ, ಸಮಮಾತ್ರೆಯ ಗಣವಿಲ್ಲ. ತಾಳಮಾನಗಳನ್ನು ಅರಿಯೆನೆಂದು, ಮನಸ್ಸು ಒಲಿದಂತೆ ಹಾಡುವೆನೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ. ತಮ್ಮ ದೇಹವನ್ನೇ ವಾದ್ಯವಾಗಿಸಿ ನುಡಿಸೆಂದು ದೇವರನ್ನು ಕೇಳಿಕೊಂಡವರೂ ಅವರೇ. ಹಾಡಬೇಕೆಂಬ ಆಸೆ, ಕಟ್ಟಿಗೆ ಒಳಪಡೆನೆಂಬ ಹಟ, ಎರಡೂ ವಚನದೊಳಗೇ ಇವೆ. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ ವಚನಗಳನ್ನು ಕಟ್ಟುಗಳಿಂದ ಬಿಡಿಸಿ ಎಲ್ಲರ ಕೈಗಿತ್ತರು. ಅವನ್ನು ಕಂಠದ ಮೂಲಕ ಮನೆಗಳಿಗೆ ಮುಟ್ಟಿಸಿದವರು ಹಿಂದುಸ್ತಾನಿ ಗಾಯಕರು: ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿ.

ಇಲ್ಲೊಂದು ಸ್ವಾರಸ್ಯವಿದೆ. ಹಳೆಯ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು, ಮೂರೂವರೆ ನಿಮಿಷ ಮಾತ್ರ ಹಿಡಿಯುತ್ತಿತ್ತು. ಖಯಾಲಿಗೆ ಅದು ಬೋನು. ಹತ್ತು ಸಾಲಿನ ವಚನಕ್ಕೆ ಅಳತೆಗೆ ಹೊಲಿದ ಅಂಗಿ. ಆಮೇಲೆ ಲಾಂಗ್ ಪ್ಲೇ ತಟ್ಟೆ ಬಂತು, ಅರವತ್ತು ನಿಮಿಷದ ಕ್ಯಾಸೆಟ್ ಬಂತು. ಎಂಟು ವಚನಗಳಿಂದ ಗಂಟೆ ತುಂಬಬೇಕಾದಾಗ ಪ್ರತಿಯೊಂದನ್ನೂ ಏಳು ನಿಮಿಷಕ್ಕೆ ಎಳೆಯುವುದು ಅನಿವಾರ್ಯವಾಯಿತು. ಮೊದಲ ಸಾಲನ್ನು ಪಲ್ಲವಿಯಾಗಿ ಮಾಡಿ, ಪ್ರತಿ ಎರಡು ಸಾಲಿಗೊಮ್ಮೆ ಅಲ್ಲಿಗೆ ಮರಳುವ ಪದ್ಧತಿ ಬಂತು. ಇದರಿಂದ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿದಂತೆ ಕಾಣೆ. ವಚನ ಒಂದು ವಾದವಿದ್ದಂತೆ. ಒಂದು ಮಾತಿನಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿ, ಅಂಕಿತ ಬರುವ ಹೊತ್ತಿಗೆ ಏಟು ಬೀಳಬೇಕು. ಮೂರು ಮೆಟ್ಟಿಲು ಹತ್ತಿದೊಡನೆ ಮತ್ತೆ ಕೆಳಗಿಳಿಸಿದರೆ ಮೇಲೆ ಮುಟ್ಟುವುದು ಯಾವಾಗ?

ಮನಸೂರರು (1910-1992) ಈ ತಪ್ಪು ಮಾಡಲಿಲ್ಲ. ಅಪರೂಪದ ರಾಗಗಳ ಒಡೆಯರಾದ ಅವರು ವಚನ ಹಾಡುವಾಗ ರಾಗವನ್ನು ಮೆರೆಸಲು ಹೋಗುವುದಿಲ್ಲ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಸನ್ನಿಧಿಯಲ್ಲಿ ಬೆಳೆದ ಭಕ್ತಿ ಅದರಲ್ಲಿ ಕೇಳಿಸುತ್ತದೆ. ಅಕ್ಕನ ವಚನಗಳನ್ನು ಅವರು ಹಾಡಿದಾಗ, ಮುದಿವಯಸ್ಸಿನ ಗಂಡುಕಂಠವೆಂಬುದೇ ಮರೆತುಹೋಗುತ್ತದೆ. ನಾವು ಆ ಸಂಜೆ ಇದನ್ನು ಹಾಕಿದಾಗ ಹುಡುಗ ಮೊದಲು ಆಕಳಿಸಿದ. ಎರಡನೆಯ ಸಲ ಹಾಕು ಎಂದವನೂ ಅವನೇ.

ಜಂಬಲದಿನ್ನಿಯವರ ಬಗ್ಗೆ ನನ್ನದು ಪಕ್ಷಪಾತದ ಮಾತೆಂದು ತಿಳಿದರೂ ಅಡ್ಡಿಯಿಲ್ಲ. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರಿಟ್ಟಿದ್ದಾರೆ. ಆದರೆ ಅಲ್ಲಿ ಕುರ್ಚಿ ಹಿಡಿಯಲು ನುಗ್ಗುವ ಎಷ್ಟು ಜನ ಅವರ ಒಂದು ವಚನವನ್ನಾದರೂ ಕೇಳಿದ್ದಾರೋ ಅರಿಯೆ. ಆಕಾಶವಾಣಿಯಲ್ಲಿ ಅವರ ದನಿ ಬಂದರೆ ನಮ್ಮ ತಂದೆಯವರು ಎತ್ತಿಗೆ ಮೇವು ಹಾಕುವುದನ್ನೂ ನಿಲ್ಲಿಸುತ್ತಿದ್ದರು. ಕಪ್ಪುಮಣ್ಣಿನಂತಹ ತೂಕದ ಕಂಠ. ಮಾತು ಮುಂದೆ, ಸ್ವರ ಅದರ ಬೆನ್ನ ಹಿಂದೆ. ಅವರ ಶಿಷ್ಯರಾದ ನರಸಿಂಹಲು ವಡವಾಟಿಯವರು ಕ್ಲಾರಿಯೋನೆಟ್ಟನ್ನು, ಅಂದರೆ ನಾವು ಮದುವೆಯ ಬ್ಯಾಂಡಿನಲ್ಲಿ ಕೇಳುತ್ತಿದ್ದ ವಾದ್ಯವನ್ನು, ಹಿಂದುಸ್ತಾನಿ ಕಛೇರಿಯ ವೇದಿಕೆಗೆ ಏರಿಸಿದರು. ಅದರಲ್ಲಿಯೂ ಗುರುವಿನ ಹಾಡುಗಾರಿಕೆಯ ಉಸಿರೇ ಕೇಳಿಸುತ್ತದೆಂದು ನನ್ನ ಕಿವಿ ಹೇಳುತ್ತದೆ.

ಈಗಿನವರಲ್ಲಿ ವೆಂಕಟೇಶಕುಮಾರರು ನನಗೆ ಮೊದಲಿಗರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ ಬಂದು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಹನ್ನೆರಡು ವರ್ಷ ಕಲಿತವರು. 2016ರಲ್ಲಿ ಪದ್ಮಶ್ರೀ ಪಡೆದವರು. ಒಂದೇ ಕಛೇರಿಯಲ್ಲಿ ದಾಸರ ಪದ, ಶರಣರ ವಚನ ಎರಡನ್ನೂ ಹಾಡುತ್ತಾರೆ. ಎರಡಕ್ಕೂ ಒಂದೇ ನಿಷ್ಠೆ. ಆ ಆಶ್ರಮದ ಋಣ ನಮ್ಮ ಮೇಲೆ ಎಷ್ಟಿದೆಯೆಂಬುದನ್ನು ಶ್ರಾವಣದ ಪುರಾಣ ಕೇಳಿದವರೇ ಬಲ್ಲರು. ಮಠದ ಅಂಗಳದಲ್ಲಿ ಪ್ರವಚನದ ನಡುನಡುವೆ ಹಾರ್ಮೋನಿಯಂ ಹಿಡಿದು ಹಾಡುವ ಅಂಧ ಗವಾಯಿಗಳಲ್ಲಿ ಎಷ್ಟೋ ಜನ ಅಲ್ಲಿಯೇ ಕಲಿತವರು. ಅವರ ಹಾಡುಗಳು ಯಾವ ಆಲ್ಬಮ್ಮಿನಲ್ಲಿಯೂ ಇಲ್ಲ.

ಇನ್ನು ಕಹಿ ಮಾತು. ಕೆಲವು ವರ್ಷಗಳ ಹಿಂದೆ ನಾನು ಕೊಂಡ ವಚನಗಳ ಒಂದು ಮುದ್ರಿಕೆಯಲ್ಲಿ ಅಕ್ಕನ ವಚನವನ್ನು ಹೊದಿಕೆಯ ಮೇಲೆ ಅಲ್ಲಮಪ್ರಭುಗಳದೆಂದು ಅಚ್ಚು ಹಾಕಿದ್ದರು. ಹಾಡಿನೊಳಗೆ ಚೆನ್ನಮಲ್ಲಿಕಾರ್ಜುನನ ಹೆಸರು ಬಂದರೂ ಅವರಿಗೆ ಅನುಮಾನ ಬಂದಿಲ್ಲ. ಇನ್ನೊಂದರಲ್ಲಿ ಗಾಯಕಿ ಅಂಕಿತವನ್ನು ತಾಳಕ್ಕಾಗಿ ನಡುವೆ ಕತ್ತರಿಸಿ, ಅರ್ಧವನ್ನು ಈ ಸಾಲಿಗೆ, ಉಳಿದರ್ಧವನ್ನು ಮುಂದಿನ ಸಾಲಿಗೆ ಹಂಚಿದ್ದರು. 'ಳ'ಕಾರವೆಲ್ಲ 'ಲ'ಕಾರ. ಸಂಸ್ಥೆಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ಕೊಳ್ಳುವವರಾದ ನಾವೇ ಕೇಳದಿದ್ದರೆ ಅವರಿಗೇನು ಚಿಂತೆ? ನಾವು ಬೆಳಗಿನ ಜಾವ ಹಾಕಿ ಒಳಗೆ ಹೋಗುವವರು.

ಹಾಡಲೆಂದೇ ಹುಟ್ಟಿದ್ದನ್ನು ಹಾಡಬೇಕಾದರೆ ನಮ್ಮಲ್ಲಿ ಸ್ವರವಚನಗಳಿವೆ. ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿ, ಸರ್ಪಭೂಷಣ ಶಿವಯೋಗಿಗಳ ಕೈವಲ್ಯ ಕಲ್ಪವಲ್ಲರಿ ಮುಂತಾದವು ಪಲ್ಲವಿ ಸಹಿತವಾದ ನಿಜವಾದ ಹಾಡುಗಳು. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳಂತೂ ಏಕತಾರಿ ಸಿಕ್ಕರೆ ಸಾಕೆಂದು ಕಾದು ಕುಳಿತಿವೆ. ಇವುಗಳನ್ನು ಬಿಟ್ಟು ವಚನವನ್ನೇ ಎಳೆದೆಳೆದು ಹಾಡಿಸುವ ಧ್ವನಿಮುದ್ರಣ ಸಂಸ್ಥೆಗಳ ತರ್ಕ ನನಗೆ ತಿಳಿಯದು.

ಹುಡುಗನ ಸರದಿ

ಹುಡುಗ ಮೊದಲು ಹಾಕಿದ್ದು ರಘು ದೀಕ್ಷಿತರ 2008ರ ಆಲ್ಬಂ. ಅದರಲ್ಲಿ ಶಿಶುನಾಳ ಶರೀಫರ ಪದಗಳು ಗಿಟಾರಿನ ಮೇಲೆ ಕುಣಿಯುತ್ತವೆ. ನನಗೆ ಶರೀಫರೆಂದರೆ ಸಿ. ಅಶ್ವತ್ಥರೇ, ಅವರೂ ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದ ಸುರುಳಿಗಳು, ಆಮೇಲೆ 1990ರ ಸಂತ ಶಿಶುನಾಳ ಶರೀಫ ಚಿತ್ರದ ಹಾಡುಗಳು ನನ್ನ ರಕ್ತದಲ್ಲಿ ಸೇರಿವೆ. ಆದುದರಿಂದ ಮುಖ ಸಿಂಡರಿಸಿಕೊಂಡೇ ಕುಳಿತೆ. ಅಶ್ವತ್ಥರು ಶರೀಫರೊಳಗಿನ ವೈರಾಗ್ಯವನ್ನು ಕೂಗಿ ಹೇಳುತ್ತಾರೆ. ದೀಕ್ಷಿತರು ಅವರೊಳಗಿನ ತುಂಟತನವನ್ನು ಹಿಡಿದಿದ್ದಾರೆ. ಶರೀಫರಲ್ಲಿ ಎರಡೂ ಇದ್ದವಷ್ಟೆ. ಮಾತು ಮಾತ್ರ ಒಂದಕ್ಷರವೂ ಮುಳುಗಿಲ್ಲ. ಹುಡುಗ ಗೆದ್ದ.

ಎರಡನೆಯದು ಸೋಜುಗಾದ ಸೂಜಿಮಲ್ಲಿಗೆ. ಮಲೆಯ ಮಾದಪ್ಪನನ್ನು ನೆನೆಯುವ ಈ ಜನಪದ ಗೀತೆ ಹಳೆಯ ಮೈಸೂರಿನ ಕಡೆಯದು, ಕಂಸಾಳೆಯವರ ನಾಡಿನದು. ಅನನ್ಯಾ ಭಟ್ಟರು ಹಾಡಿದ ಮೇಲೆ ಅದು ದೇಶವೆಲ್ಲ ಸುತ್ತಿತು; 2021ರಲ್ಲಿ ಗರುಡ ಗಮನ ವೃಷಭ ವಾಹನ ಚಿತ್ರದಲ್ಲಿ ಚೈತ್ರಾ ಆಚಾರ್ ಹಾಡಿದರು. ರೌಡಿಗಳ ಕಥೆಯ ಚಿತ್ರದಲ್ಲಿ ಮಾದಪ್ಪನ ಹಾಡೇಕೆಂದು ನಮ್ಮ ಬೀಗರೊಬ್ಬರು ಸಿಟ್ಟಾದರು. ನನಗೆ ಹಾಗೆನ್ನಿಸಲಿಲ್ಲ. ಹೆಣ್ಣುಮಗಳೊಬ್ಬಳು ಹೂ ಪೋಣಿಸುತ್ತ ಗುನುಗಿದಂತಿರುವ ಆ ದನಿಗೆ ವಾದ್ಯಗಳು ತಗ್ಗಿ ನಡೆದಿವೆ, ಅಷ್ಟು ಸಾಕು.

ಕಾಂತಾರ (2022) ಚಿತ್ರದ ವರಾಹ ರೂಪಂ ಹಾಡಿನಲ್ಲಿ ನಾಗಸ್ವರ ಮೊರೆಯುವಾಗ ಮೈ ಜುಮ್ಮೆಂದದ್ದು ನಿಜ. ಅದು ತಮ್ಮ ರಾಗಸಂಯೋಜನೆಯ ನಕಲೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರೆಂದು ಹುಡುಗನೇ ಹೇಳಿದ. ಎರಡನ್ನೂ ಕೇಳಿಸಿದ. ನನ್ನ ತೀರ್ಪನ್ನು ಯಾರೂ ಕೇಳಿಲ್ಲವಾದ್ದರಿಂದ ಹೇಳುವುದಿಲ್ಲ. ಬೆಂಗಳೂರಿನ ರಿಕಿ ಕೇಜ್ ಅವರು ಸ್ಟುವರ್ಟ್ ಕೋಪ್‌ಲ್ಯಾಂಡರ ಜೊತೆ ಮಾಡಿದ ಡಿವೈನ್ ಟೈಡ್ಸ್ ಆಲ್ಬಮ್ಮಿಗೆ 2022ರಲ್ಲಿಯೂ 2023ರಲ್ಲಿಯೂ ಗ್ರ್ಯಾಮಿ ಪ್ರಶಸ್ತಿ ಬಂದಿತಂತೆ. ಹಿಮಾಲಯದ ತಂಪಿನಂತಹ ಸಂಗೀತ. ನನಗೆ ನಿದ್ದೆ ಬಂತು. ಇದನ್ನು ಹೊಗಳಿಕೆಯೆಂದೂ ತಿಳಿಯಬಹುದು.

ನಾಲ್ಕನೆಯ ದಿನ ಹುಡುಗ ಸ್ವಲ್ಪ ಅಂಜುತ್ತಲೇ ಕನ್ನಡ ರ್‍ಯಾಪ್ ಹಾಕಿದ. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರ ಹೆಸರು ಹೇಳಿದ. ಕೆಲವದರ ವಿಷಯ ನಮ್ಮ ಮನೆಗಳಲ್ಲಿ ಹಾಡಿಸುವಂಥದಲ್ಲ. ಕುಡಿತದ ಮೇಲೆ ಪದ ಕಟ್ಟಿ ಕುಣಿಯುವುದು ನನಗೆ ಸೇರದು, ಅದನ್ನು ಅವನಿಗೂ ಹೇಳಿದೆ. ಆದರೆ ಕೇಳುತ್ತ ಕೇಳುತ್ತ ಒಂದು ಸಂಗತಿ ಹೊಳೆದು ಬೆಚ್ಚಿದೆ. ಇಲ್ಲಿ ರಾಗವಿಲ್ಲ, ತಾಳವೊಂದು ಅಡಿಯಲ್ಲಿ ನಡೆಯುತ್ತಿದೆ, ಅದರ ಮೇಲೆ ಮಾತು ಮಾತಾಗಿಯೇ ಬರುತ್ತಿದೆ. ಹಿಂದಿನ ಸಾಲಿಗೆ ಮರಳದೆ ಮುಂದೆ ಮುಂದೆ ಹೋಗುತ್ತದೆ. ಕೊನೆಗೆ ಹಾಡುವವನು ತನ್ನ ಹೆಸರು ಹೇಳಿಕೊಳ್ಳುವುದೂ ಉಂಟು. ಒಂದು ಅಕ್ಷರವೂ ತಪ್ಪದೆ ಕಿವಿಗೆ ಬಿದ್ದದ್ದು ಆ ನಾಲ್ಕು ದಿನಗಳಲ್ಲಿ ಮನಸೂರರ, ಜಂಬಲದಿನ್ನಿಯವರ ವಚನಗಳನ್ನು ಬಿಟ್ಟರೆ ಇದೇ.

"ಇದೇ ಬಡಿತಕ್ಕ ಒಂದು ವಚನ ಹೇಳ್ತಿಯೇನಪಾ?" ಎಂದೆ. ಹುಡುಗ ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. ಪಠ್ಯಪುಸ್ತಕ ತಂದು, ತೊಡೆಯ ಮೇಲೆ ಕೈ ಬಡಿಯುತ್ತ, ಬಸವಣ್ಣನವರ ಒಂದು ವಚನವನ್ನು ಮೊದಲಿಂದ ಕೊನೆಯವರೆಗೆ ನಿಲ್ಲದೆ ಹೇಳಿದ. ಅಂಕಿತಕ್ಕೆ ಬಂದಾಗ ಬಡಿತ ನಿಲ್ಲಿಸಿ, ಬರಿಯ ದನಿಯಲ್ಲಿ ಹೇಳಿ ಮುಗಿಸಿದ. ನಿಲ್ಲಿಸೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗಿನಿಂದ ತಂಗಿ, "ವಚನಕ್ಕ ಹಿಂಗ ಮಾಡಬಾರದಪ್ಪ" ಎಂದು ಗದರಿದಳು. ನಾನು ಅವಳ ಪಕ್ಷವನ್ನು ಹಿಡಿಯಲಿಲ್ಲ. ಗೃಹಪ್ರವೇಶದ ದಿನ ಅವನು ಕೇಳಿದ ಪ್ರಶ್ನೆಗೆ ಉತ್ತರ ಅವನಿಗೇ ಸಿಕ್ಕಿತ್ತು. ವಚನದ ಅರ್ಥವನ್ನು ಈಗ ಅವನೇ ನನಗೆ ಹೇಳಿದ, ಒಂದೆರಡು ಕಡೆ ತಪ್ಪಿದರೂ.

ಇದನ್ನೆಲ್ಲ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದವರು ತಂಗಿಯ ಅತ್ತೆಯವರು. ಎಂಬತ್ತು ದಾಟಿದ ಹಿರಿಯರು. ಶ್ರಾವಣದ ಸೋಮವಾರಗಳಲ್ಲಿ ಭಜನೆಗೆ ಹೋಗಿ ತತ್ತ್ವಪದ ಕಲಿತವರು. ವಿಜಯದಾಸರ ಆರಾಧನೆಯ ಕಾರ್ತಿಕ ಶುದ್ಧ ದಶಮಿಯಂದು ಹೊರಗೆ ನಿಂತು ಕೇಳಿಯೇ ದಾಸರ ಪದಗಳನ್ನೂ ಕಲಿತವರು. "ಯವ್ವಾ, ನೀವೂ ಒಂದು ಅನ್ರಿ" ಎಂದು ಹುಡುಗ ಫೋನನ್ನು ಅವರ ಮುಂದಿಟ್ಟ. ಬೇಡ ಬೇಡವೆನ್ನುತ್ತಲೇ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಮಡಿವಾಳಪ್ಪನವರ ಒಂದು ಪದವನ್ನೆತ್ತಿದರು. ನಾನು ಯಾವ ಸುರುಳಿಯಲ್ಲಿಯೂ ಕೇಳದ ಧಾಟಿ. ಮೂರನೆಯ ನುಡಿಯಲ್ಲಿ ಮಾತು ಮರೆತು, "ತಡಿ, ತಡಿ" ಎಂದು ನೆನಪಿಸಿಕೊಂಡು ಮತ್ತೆ ಹಿಡಿದರು. ನಡುವೆ ಮಾನ್ವಿಯ ಕಡೆ ಹೋಗುವ ಬಸ್ಸು ಹಾರನ್ ಹಾಕಿತು, ಕರು ಕೂಗಿತು. ಹನ್ನೊಂದು ನಿಮಿಷ.

ಬಸ್ಸಿನ ಸದ್ದನ್ನೂ ಮರೆತ ನುಡಿಯನ್ನೂ ಕತ್ತರಿಸಿ ತೆಗೆಯಬಹುದು, ಬೇಕಾದರೆ ಹಿಂದೆ ಕೊಳಲನ್ನೂ ಸೇರಿಸಬಹುದು ಎಂದ ಹುಡುಗ. ಇದ್ದಂತೆಯೇ ಇರಲಿ ಎಂದೆ. ಅಜ್ಜಿಯವರು ತಮ್ಮ ದನಿಯನ್ನು ತಾವೇ ಮೊದಲ ಬಾರಿಗೆ ಕೇಳಿ ಮುಗಿಸಿ, "ಇದು ಯಾವ ಕಂಪನಿಯಾಗ ಬರ್ತದಪಾ?" ಎಂದು ವಿಚಾರಿಸಿದರು.